ಚಕ್ರದ ಮನೆಯಲ್ಲಿ ಗಿರ್‌ವರೆಗೆ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಅಹಮದಾಬಾದ್ ಮತ್ತು ವಡೋದರಾದಿಂದ ಬೆಳಗಿನ ರೈಲು ಹಿಡಿದು ಬಂದಿರುವ ಗೆಳತಿಯರಿಗೆ, ನಮ್ಮ ಸೂರತ್‌ನ ಹಿರಿಯರಿಗೆ ವಂದನೆಗಳು. ಒಲೆ ಆರಿಸಿ ಈಗಷ್ಟೇ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಊಟದ ಸಮಿತಿಯವರಿಗೆ ಇನ್ನೊಂದು ನಮಸ್ಕಾರ ಹೆಚ್ಚು.

2024ರ ಮೇ ತಿಂಗಳಲ್ಲಿ ನಾವು ಮನೆಮಂದಿಯೆಲ್ಲ ಮೋಟರ್‌ಹೋಮ್‌ನಲ್ಲಿ ವೆಳಾವದರ್ ಮತ್ತು ಗಿರ್ ನೋಡಿಕೊಂಡು ಬಂದೆವು. ಫೋಟೋಗಳನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ ದಿನದಿಂದ ನನಗೆ ಮೂರು ಪ್ರಶ್ನೆ ತಪ್ಪಿಲ್ಲ. ಬಾಡಿಗೆ ಎಷ್ಟಾಯಿತು, ಒಳಗೆ ಅಡುಗೆ ಮಾಡಬಹುದಾ, ಸಿಂಹ ಕಂಡಿತಾ. ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ಯಾರೂ ಗುಂಪಿನಲ್ಲಿ ಕೇಳಲಿಲ್ಲ, ಪಕ್ಕಕ್ಕೆ ಕರೆದು ಕೇಳಿದರು: "ಬಾತ್‌ರೂಮ್ ನಿಜವಾಗಲೂ ಗಾಡಿಯ ಒಳಗೇ ಇತ್ತಾ?" ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಆ ಗಾಡಿಯನ್ನು ಆರಿಸಿದ್ದೇ ಅದಕ್ಕಾಗಿ.

ನಾವು ಹೆಂಗಸರು ದೂರದ ಪ್ರಯಾಣ ಹೇಗೆ ಮಾಡುತ್ತೇವೆ ಹೇಳಿ? ನೀರು ಕುಡಿಯದೆ ಮಾಡುತ್ತೇವೆ. ಬೆಳಿಗ್ಗೆ ಅರ್ಧ ಲೋಟ ಚಹಾ, ಆಮೇಲೆ ಬಾಯಿ ಒಣಗಿದರೂ ಒಂದು ಗುಟುಕು. ಪೆಟ್ರೋಲ್ ಪಂಪ್ ಬಂದಾಗ ಗಂಡಸರು ಇಳಿದು ಮೈ ಮುರಿಯುತ್ತಾರೆ, ನಾವು ಹೋಗಿ ಬಾಗಿಲಿಗೆ ಬೀಗ ಇದೆಯಾ, ಕೀಲಿ ಯಾರ ಹತ್ತಿರ ಇದೆ, ಒಳಗೆ ನೀರು ಬರುತ್ತದಾ ಎಂದು ವಿಚಾರಿಸುತ್ತೇವೆ. ನನ್ನ ಅತ್ತೆಗೆ ಆಗ 74 ವರ್ಷ. ಎರಡೂ ಮೊಣಕಾಲು ನೋವು, ನೆಲಮಟ್ಟದ ಕಮೋಡಿನಲ್ಲಿ ಕೂರಲು ಆಗುವುದಿಲ್ಲ, ರಾತ್ರಿ ಮೂರು ಸಲ ಏಳಬೇಕು. ಯಲ್ಲಾಪುರದ ತೋಟದ ಮನೆ ಬಿಟ್ಟು ನಮ್ಮ ಜೊತೆ ಸಚಿನ್‌ಗೆ ಬಂದ ಮೇಲೆ ಅವರು ಕಂಡ ಗುಜರಾತ್ ಎಂದರೆ ನಮ್ಮ ಸೊಸೈಟಿಯ ಗೇಟು, ಸೂರತ್‌ನ ಆಸ್ಪತ್ರೆ, ರೈಲು ನಿಲ್ದಾಣ. ದ್ವಾರಕಾ, ಸೋಮನಾಥ ಎಂದರೂ "ನೀವು ಹೋಗಿ ಬನ್ನಿ, ನಾನು ಮನೆ ನೋಡಿಕೊಳ್ಳುತ್ತೇನೆ" ಎನ್ನುವರು. ಕಾರಣವನ್ನು ಅವರೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಮೋಟರ್‌ಹೋಮ್ ಎಂದಾಗ ಅಮೆರಿಕದ ಮಕ್ಕಳ ಮನೆಗೆ ಹೋಗಿ ಬಂದವರು ಯೆಲ್ಲೋಸ್ಟೋನ್‌ನ ದೊಡ್ಡ ಬಸ್ಸುಗಳನ್ನು ನೆನೆಯುತ್ತಾರೆ. ನಮ್ಮದು ಅಂಥದ್ದಲ್ಲ. ಟೆಂಪೋ ಟ್ರಾವೆಲರ್‌ನ ಸೀಟುಗಳನ್ನು ತೆಗೆದು ನಾಲ್ಕು ಮಲಗುವ ಹಲಗೆ, ಒಂದು ಸೋಫಾ, ಪುಟ್ಟ ಸಿಂಕು, ಸಣ್ಣ ಫ್ರಿಜ್, ಹಿಂಭಾಗದಲ್ಲಿ ಬೀರುವಿನಷ್ಟೇ ಜಾಗದಲ್ಲಿ ಕುರ್ಚಿಯಂತೆ ಕೂರುವ ಕಮೋಡು. ಡ್ರೈವರ್ ಸಮೇತ ಬಾಡಿಗೆಗೆ ಬಂತು. ಖರ್ಚಿನ ವಿಷಯ ನೇರವಾಗಿ ಹೇಳುತ್ತೇನೆ: ಕಾರು ಮತ್ತು ಹೋಟೆಲ್ ಸೇರಿಸಿದ್ದಕ್ಕಿಂತ ಹೆಚ್ಚೇ ಆಯಿತು. ಉಳಿತಾಯಕ್ಕೆಂದು ಯಾರೂ ಇದನ್ನು ಮಾಡಬೇಡಿ. ಎಂಜಿನ್ ಓಡುವಾಗ ಅಥವಾ ಹೊರಗಿನ ಕರೆಂಟಿಗೆ ಸಿಕ್ಕಿಸಿದಾಗ ಮಾತ್ರ ಎಸಿ. ನೀರು ಟ್ಯಾಂಕಿನಲ್ಲಿ ಇದ್ದಷ್ಟೇ. ಆರನೇ ಕ್ಲಾಸಿನ ಮಗನಿಗೆ ನೀರಿನ ಮುಳ್ಳು ನೋಡುವ ಕೆಲಸ ಕೊಟ್ಟಿದ್ದೆವು. ಅವನು ಮುನಿಸಿಪಾಲಿಟಿಯವರಿಗಿಂತ ಬಿಗಿಯಾಗಿದ್ದ. ಅಕ್ಕ ಮುಖ ತೊಳೆಯಲು ನಿಂತರೆ ಹೊರಗಿನಿಂದ ಎಣಿಸುತ್ತಿದ್ದ. ಇನ್ನು ಕಮೋಡಿನ ಟ್ಯಾಂಕು. ಅದನ್ನು ಎಲ್ಲೆಂದರಲ್ಲಿ ಖಾಲಿ ಮಾಡುವಂತಿಲ್ಲ. ಅದಕ್ಕೆಂದೇ ವ್ಯವಸ್ಥೆ ಇರುವ ಜಾಗ ದಾರಿಯಲ್ಲಿ ನಮಗೆ ಎಲ್ಲೂ ಸಿಗಲಿಲ್ಲ. ತಂಗಿದ ತೋಟದವರ ಒಪ್ಪಿಗೆ ಕೇಳಿ, ಅವರ ಶೌಚಾಲಯದ ಗುಂಡಿಗೇ ಹಾಕಿ ತೊಳೆದದ್ದು. ಆ ಕೆಲಸ ನಮ್ಮನೆಯವರದು ಎಂದು ಹೊರಡುವ ಮೊದಲೇ ತೀರ್ಮಾನವಾಗಿತ್ತು. ಚಪ್ಪಾಳೆ ಬೇಡ, ಅವರ ತಾಯಿಗಾಗಿ ಮಾಡಿದರು.

ಸಚಿನ್‌ನಿಂದ ಸೌರಾಷ್ಟ್ರಕ್ಕೆ ರಸ್ತೆಯಲ್ಲಿ ಹೋದರೆ ಖಂಭಾತ್ ಕೊಲ್ಲಿಯನ್ನು ಪೂರ್ತಿ ಸುತ್ತಬೇಕು. ನಾವು ಹಜೀರಾದಿಂದ ಘೋಘಾಕ್ಕೆ ರೋ-ರೋ ಹಡಗಿನಲ್ಲಿ ಹೋದೆವು. 2020ರ ನವೆಂಬರ್‌ನಲ್ಲಿ ಶುರುವಾದ ಸೇವೆ ಇದು. ರಸ್ತೆಯ ಸುಮಾರು 370 ಕಿಲೋಮೀಟರ್ ಸಮುದ್ರದಲ್ಲಿ 90ಕ್ಕೆ ಇಳಿಯುತ್ತದೆ, ಹತ್ತು ಹನ್ನೆರಡು ಗಂಟೆಯ ದಾರಿ ನಾಲ್ಕು ಗಂಟೆಯದಾಗುತ್ತದೆ. ಲಾರಿ, ಕಾರುಗಳ ಸಾಲಿನಲ್ಲಿ ನಮ್ಮ ಮನೆಯೂ ಹಡಗಿನ ಹೊಟ್ಟೆಗೆ ಹೋಯಿತು. ಆದರೆ ಪ್ರಯಾಣದುದ್ದಕ್ಕೂ ಗಾಡಿಯಲ್ಲಿ ಕೂರಲು ಬಿಡುವುದಿಲ್ಲ, ಮೇಲಿನ ಅಂತಸ್ತಿಗೆ ಹೋಗಬೇಕು. ಅತ್ತೆ ಕಿಟಕಿಯ ಪಕ್ಕ ಕೂತು ನೀರು ನೋಡಿದರು. ಕಾರವಾರದ ನೀಲಿ ಕಡಲನ್ನು ಕಂಡವರಿಗೆ ಕೊಲ್ಲಿಯ ಕೆಸರು ಬಣ್ಣ ಹಿಡಿಸಲಿಲ್ಲ. "ಇದೆಂತ ಮಾರಾಯ್ತಿ, ಚಹಾದ ಹಾಗಿದೆ" ಎಂದರು. ಹಡಗಿನ ಶೌಚಾಲಯವನ್ನು ಎರಡು ಸಲ ಹೋಗಿ ಪರೀಕ್ಷಿಸಿ ಬಂದು, ಆಮೇಲೆ ಒಂದು ಬಾಟಲಿ ನೀರು ಕೇಳಿ ತರಿಸಿಕೊಂಡರು. ನನಗೆ ಪ್ರವಾಸ ಗೆದ್ದಂತೆ ಆಯಿತು.

ವೆಳಾವದರ್ ಭಾವನಗರ ಜಿಲ್ಲೆಯಲ್ಲಿದೆ. 1976ರಲ್ಲಿ ಆದ ಕೃಷ್ಣಮೃಗಗಳ ರಾಷ್ಟ್ರೀಯ ಉದ್ಯಾನ, ಬರೀ 34 ಚದರ ಕಿಲೋಮೀಟರ್. ನನ್ನ ತವರು ರಾಣೇಬೆನ್ನೂರು. ನಮ್ಮಲ್ಲೂ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯ ಇದೆ, 119 ಚದರ ಕಿಲೋಮೀಟರ್. ಹಾಗಾಗಿ ಇದೇನು ದೊಡ್ಡದು ಎಂಬ ಜಂಬದಲ್ಲೇ ಜೀಪು ಹತ್ತಿದೆ. ಆದರೆ ನಮ್ಮಲ್ಲಿ ನೀಲಗಿರಿ ನೆಟ್ಟು ತುಂಬಿಸಿದ ನೆಲ. ಮರದ ಮರೆಯಲ್ಲಿ ಒಂದು ಬಾಲ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಇಲ್ಲಿ ಕಣ್ಣು ಹೋದಷ್ಟು ದೂರ ಒಣಹುಲ್ಲು, ಮೇಲೆ ಆಕಾಶ. ಸಂಜೆ ಬಿಸಿಲಿನಲ್ಲಿ ನೂರಾರು ಜಿಂಕೆಗಳು ಒಟ್ಟಿಗೆ ತಲೆ ಎತ್ತಿದವು. ಗಂಡುಗಳು ಕಪ್ಪು, ಹೆಣ್ಣುಗಳು ಗೋಧಿಬಣ್ಣ. ಒಂದು ಹೆಣ್ಣು ಕಾರಣವೇ ಇಲ್ಲದೆ ನೆಗೆಯಿತು, ಅದರ ಹಿಂದೆ ಎಲ್ಲವೂ. ಹಿಂದೆ ಭಾವನಗರದ ಮಹಾರಾಜರು ಪಳಗಿಸಿದ ಚೀತಾಗಳನ್ನು ಬಿಟ್ಟು ಇಲ್ಲಿ ಕೃಷ್ಣಮೃಗದ ಬೇಟೆ ಆಡಿಸುತ್ತಿದ್ದರಂತೆ. ಬೇಟೆಗಾಗಿ ಉಳಿಸಿಕೊಂಡ ಹುಲ್ಲುಗಾವಲೇ ಇವತ್ತು ಜಿಂಕೆಗಳಿಗೆ ಉಳಿದಿರುವುದು. ಪಕ್ಕದ ಹೊಲದವರನ್ನು ಕೇಳಿದರೆ ದೂರು ಮಾತ್ರ ರಾಣೇಬೆನ್ನೂರಿನದೇ: ಬೆಳೆ ಉಳಿಯುವುದಿಲ್ಲ.

ಅಲ್ಲಿಂದ ಸಾಸಣ್‌ಗೆ ಇಡೀ ದಿನದ ದಾರಿ. ತಳಾಜಾ, ಮಹುವಾ, ಊನಾ. ಮಹುವಾದಲ್ಲಿ ಈರುಳ್ಳಿ ಕೊಂಡೆ, ಒಗ್ಗರಣೆ ಅವಲಕ್ಕಿ ಮಾಡಿದೆ. ಓಡುವ ಗಾಡಿಯಲ್ಲಿ ಒಲೆ ಹಚ್ಚುವಂತಿಲ್ಲ, ಮರದಡಿ ನಿಲ್ಲಿಸಿ ಮಾಡಬೇಕು. ಉಳಿದಂತೆ ಥೇಪ್ಲಾ, ಚಟ್ನಿಪುಡಿ, ಮಜ್ಜಿಗೆ. ದಾರಿಯ ಬಗ್ಗೆ ಬೇರೆ ಹೇಳುವಂಥದ್ದಿಲ್ಲ.

ಗಿರ್‌ನ ಕಾಡಿನೊಳಗೆ ಇಂಥ ಗಾಡಿ ನಿಲ್ಲಿಸಲು ಆಗುವುದಿಲ್ಲ, ಒಯ್ಯಲೂ ಆಗುವುದಿಲ್ಲ. ಆದ್ದರಿಂದ ತಾಲಾಲಾ ಹತ್ತಿರ ಒಬ್ಬರ ಕೇಸರ್ ಮಾವಿನ ತೋಟದಲ್ಲಿ ಮಾತಾಡಿಕೊಂಡು ನಿಲ್ಲಿಸಿದೆವು. ಪಂಪ್‌ಸೆಟ್ಟಿನ ಕೋಣೆಯಿಂದ ಕರೆಂಟು, ಬೋರ್‌ವೆಲ್ ನೀರು, ಮೇಲೆ ಹಣ್ಣು ತೂಗುವ ಮರಗಳು. ಜುನಾಗಢದ ನವಾಬರು ತಿರುಳಿನ ಬಣ್ಣ ನೋಡಿ ಕೇಸರ್ ಎಂದು ಹೆಸರಿಟ್ಟ ಹಣ್ಣು ಇದು. 2011ರಲ್ಲಿ ಗಿರ್ ಕೇಸರ್ ಎಂದು ಜಿಐ ಗುರುತೂ ಸಿಕ್ಕಿದೆ. ಅತ್ತೆ ಎರಡು ಹಣ್ಣು ತಿಂದು ತೀರ್ಪು ಕೊಟ್ಟರು: "ಹಣ್ಣಿಗೆ ಅಡ್ಡಿಲ್ಲ. ಆದರೆ ಅಪ್ಪೆಮಿಡಿ ಇವರ ಹತ್ತಿರ ಎಲ್ಲಿಂದ ಬರಬೇಕು?"

ತೋಟದ ಯಜಮಾನರು ಸಂಜೆ ಬಂದು ಒಂದೇ ಮಾತು ಹೇಳಿದರು. ಕತ್ತಲಾದ ಮೇಲೆ ಗಾಡಿಯಿಂದ ಇಳಿಯಬೇಡಿ. ಚಿರತೆ ಕಾಲುವೆಯ ಬದಿಯಲ್ಲೇ ಓಡಾಡುತ್ತದೆ, ಸಿಂಹವೂ ತೋಟಕ್ಕೆ ಬರುತ್ತದೆ. ಹೆದರಿಸಲು ಹೇಳಿದ ಮಾತಲ್ಲ. 2025ರ ಮೇ ತಿಂಗಳ ಎಣಿಕೆಯಲ್ಲಿ ಗುಜರಾತಿನಲ್ಲಿ 891 ಸಿಂಹಗಳು ಸಿಕ್ಕವು; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗಿರ್ ಅರಣ್ಯದ ಹೊರಗೆ, ಹೊಲ, ತೋಟ, ಹೊಳೆದಂಡೆಗಳಲ್ಲಿವೆ. 2020ರಲ್ಲಿ 674 ಇದ್ದವು. ಗಿರ್‌ನ ಒಟ್ಟು ಅರಣ್ಯ 1,412 ಚದರ ಕಿಲೋಮೀಟರ್, ಅದರ ನಡುವಿನ 258 ಮಾತ್ರ ರಾಷ್ಟ್ರೀಯ ಉದ್ಯಾನ. ಸಂಖ್ಯೆ ಬೆಳೆದ ಮೇಲೆ ಸಿಂಹಗಳು ಎಲ್ಲಿಗೆ ಹೋಗಬೇಕು? ಅಲ್ಲಿಯ ರೈತರಿಗೆ ಇದು ಹೊಸತಲ್ಲ. ದನ ಹೋದರೆ ಪರಿಹಾರಕ್ಕೆ ಅರ್ಜಿ ಹಾಕುತ್ತಾರೆ, ಹಂದಿ, ನೀಲ್‌ಗಾಯ್‌ಗಳನ್ನು ಸಿಂಹ ಓಡಿಸುತ್ತದೆ ಎಂದು ಸಮಾಧಾನವನ್ನೂ ಹೇಳಿಕೊಳ್ಳುತ್ತಾರೆ.

ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಅತ್ತೆ ಎದ್ದರು. ನಾಲ್ಕು ಹೆಜ್ಜೆ ನಡೆದು ಹೋಗಿ ಬಂದರು. ಮಲಗುವಷ್ಟರಲ್ಲಿ ಸಿಂಹದ ಕೂಗು ಕೇಳಿತು. ಸಿನಿಮಾದ ಗರ್ಜನೆ ಅಲ್ಲ. ಮೊದಲು ಉದ್ದಕ್ಕೆ, ಆಮೇಲೆ ಗಿಡ್ಡ ಗಿಡ್ಡವಾಗಿ, ಕೊನೆಗೆ ಕೆಮ್ಮಿದ ಹಾಗೆ. ಎಷ್ಟು ದೂರವೋ ತಿಳಿಯದು, ಎಷ್ಟೋ ಕಿಲೋಮೀಟರ್ ದಾಟಿ ಕೇಳುತ್ತದಂತೆ. ತಗಡಿನ ಗೋಡೆ ಸಣ್ಣಗೆ ನಡುಗಿತು ಎಂದು ನನಗನಿಸಿತು. ಅತ್ತೆ ತಮ್ಮ ಹಳೆಯ ಕೌದಿ ಹೊದ್ದು ಬೆಳಗಿನವರೆಗೆ ಕಿಟಕಿಯ ಬಳಿ ಕೂತಿದ್ದರು. "ನಿದ್ದೆ ಬರಲಿಲ್ಲವಾ?" ಎಂದು ಕೇಳಿದರೆ, "ನಿದ್ದೆ ಸಚಿನ್‌ನಲ್ಲೂ ಮಾಡಬಹುದು" ಎಂದರು.

ಸಫಾರಿಗೆ ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಮೊದಲೇ ಪರ್ಮಿಟ್ ತೆಗೆಯಬೇಕು. ನಿಗದಿತ ಹೊತ್ತು, ಜಿಪ್ಸಿ, ಜೊತೆಗೆ ಗೈಡ್. ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಕಾಡು ಮುಚ್ಚಿರುತ್ತದೆ. ಬಿರುಬಿಸಿಲಿಗೆ ಯಾಕೆ ಹೋದಿರಿ ಎನ್ನುವವರಿಗೆ: ಮೇ ತಿಂಗಳಲ್ಲಿ ತೇಗದ ಎಲೆ ಉದುರಿ ಕಾಡು ಬೋಳಾಗಿರುತ್ತದೆ, ಇಲಾಖೆಯವರು ತುಂಬಿಸಿದ ನೀರಿನ ತೊಟ್ಟಿಗಳ ಬಳಿ ಪ್ರಾಣಿಗಳು ತಾವಾಗಿ ಬರುತ್ತವೆ. ನಾವು ಕಂಡದ್ದು ಒಂದು ಹೆಣ್ಣು ಸಿಂಹ, ಎರಡು ಮರಿ. ತಾಯಿ ನೀರು ಕುಡಿಯುತ್ತಿದ್ದಳು, ಮರಿಗಳು ಅವಳ ಬಾಲ ಎಳೆಯುತ್ತಿದ್ದವು, ಅವಳು ತಿರುಗಿಯೂ ನೋಡಲಿಲ್ಲ. ಇಷ್ಟೇ. ಮೂರು ಗಂಟೆಯಲ್ಲಿ ಐದು ನಿಮಿಷ.

ಒಳಗೆ ಒಂದು ಕಡೆ ಖಾಕಿ ಹಾಕಿಕೊಂಡ ಹುಡುಗಿಯೊಬ್ಬಳು ಬೈಕಿನಲ್ಲಿ ಒಬ್ಬಳೇ ಬಂದು ನಮ್ಮ ಪರ್ಮಿಟ್ ನೋಡಿದಳು. ಕೈಯಲ್ಲಿ ಇದ್ದದ್ದು ಕೋಲು, ವಾಕಿಟಾಕಿ. ನನ್ನ ಮಗಳು ಕುತ್ತಿಗೆ ತಿರುಗಿಸಿಕೊಂಡೇ ಇದ್ದಳು. 2007ರಲ್ಲಿ ಗುಜರಾತ್ ಸರ್ಕಾರ ಅರಣ್ಯ ಇಲಾಖೆಯ ನೇಮಕದಲ್ಲಿ ಹೆಂಗಸರಿಗೆ ಮೀಸಲಾತಿ ತಂದ ಮೇಲೆ ಗಿರ್‌ಗೆ ಬಂದವರು ಇವರು. ಮೊದಲ ತಂಡದ ರಸೀಲಾ ವಾಢೇರ್ ಅವರ ಹೆಸರು ನೀವು ಕೇಳಿರಬಹುದು. ಬಾವಿಗೆ ಬಿದ್ದ ಚಿರತೆ, ಗಾಯಗೊಂಡ ಸಿಂಹ ಎಂದು ಅವರು ಬಿಡಿಸಿದ ಪ್ರಾಣಿಗಳ ಲೆಕ್ಕ ಸಾವಿರ ದಾಟಿದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಪ್ಸಿಯ ಡ್ರೈವರ್ ಇಪ್ಪತ್ತೈದರ ಹುಡುಗ. ಗುಂಗುರು ಕೂದಲು, ಕಡುಗಪ್ಪು ಬಣ್ಣ, ಅಗಲ ನಗು. ಪ್ಲಾಸ್ಟಿಕ್ ಸ್ಟೂಲು ಇಟ್ಟು ಅತ್ತೆಯನ್ನು ಕೈಹಿಡಿದು ಹತ್ತಿಸಿದ. ಅತ್ತೆ ಅವನ ಮುಖವನ್ನೇ ನೋಡಿ, ಕನ್ನಡದಲ್ಲೇ ಕೇಳಿದರು: "ನೀನು ನಮ್ಮ ಯಲ್ಲಾಪುರ ಬದಿಯವನಾ?" ಅವನು ಕಾಠಿಯಾವಾಡಿ ಗುಜರಾತಿಯಲ್ಲಿ "ಏನಂದಿರಿ ಬಾ?" ಎಂದ. ಅವನ ಊರು ತಾಲಾಲಾ ಹತ್ತಿರದ ಜಾಂಬೂರು. ಅದು ಸಿದ್ದಿಗಳ ಊರು.

ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿ ಸಿದ್ದಿಗಳು ಇರುವುದು ಕರ್ನಾಟಕದವರಿಗೆ ಗೊತ್ತು. ಪೂರ್ವ ಆಫ್ರಿಕಾದಿಂದ ಅರಬರು, ಪೋರ್ಚುಗೀಸರು ತಂದ ಜನ. ಗುಲಾಮರಾಗಿ, ಸೈನಿಕರಾಗಿ, ನಾವಿಕರಾಗಿ ಬಂದವರು. ಗೋವೆಯಿಂದ ತಪ್ಪಿಸಿಕೊಂಡವರು ನಮ್ಮ ಘಟ್ಟದ ಕಾಡು ಸೇರಿದರು. ಆದರೆ ನಾವು ಕೂತಿರುವ ಈ ನೆಲದ ಕಥೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಊರಿಗೆ ಫೋನ್ ಮಾಡಿದರೆ ಈಗಲೂ "ಸಚಿನ್ ಅಂದರೆ ತೆಂಡೂಲ್ಕರ್ ಹೆಸರಿಟ್ಟ ಊರಾ?" ಎಂದು ಕೇಳುತ್ತಾರೆ. ನಮಗೂ ಸಚಿನ್ ಎಂದರೆ ಜಿಐಡಿಸಿ, ಡೈಯಿಂಗ್ ಮಿಲ್ಲು, ಬಣ್ಣದ ನೀರು. 1791ರಿಂದ ಸ್ವಾತಂತ್ರ್ಯ ಬರುವವರೆಗೆ ಇದೊಂದು ಸಂಸ್ಥಾನ. ಆಳಿದ ನವಾಬರು ಸಿದ್ದಿಗಳು, ಜಂಜೀರಾ ಕೋಟೆಯ ಮನೆತನದವರು. ಮೊದಲ ಟಾಕಿ ಚಿತ್ರ ಆಲಂ ಆರಾದ ನಾಯಕಿ ಜುಬೇದಾ ಸಚಿನ್ ನವಾಬರ ಮಗಳೆಂದು ಸಿನಿಮಾ ಚರಿತ್ರೆಯ ಪುಸ್ತಕಗಳಲ್ಲಿ ಓದುತ್ತೇವೆ. ತಾಯಿ ಫಾತಿಮಾ ಬೇಗಂ 1926ರಲ್ಲೇ ಚಿತ್ರ ನಿರ್ದೇಶಿಸಿದವರು. ಅಹಮದಾಬಾದಿನವರು ದಿನವೂ ದಾಟಿ ಹೋಗುವ ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲರಿಯೂ ಒಬ್ಬ ಸಿದ್ದಿಯ ಹೆಸರಿನಲ್ಲೇ ಇದೆ. ಒಂದೇ ಕಡಲಿನ ದಾರಿಯಲ್ಲಿ ಬಂದವರಲ್ಲಿ ಕೆಲವರು ಸಿಂಹಾಸನದಲ್ಲಿ ಕೂತರು, ಕೆಲವರು ನಮ್ಮ ಅಡಿಕೆ ತೋಟಗಳಲ್ಲಿ ಕೊನೆ ಹೊತ್ತರು.

ಸಾಸಣ್‌ನ ರೆಸಾರ್ಟುಗಳಲ್ಲಿ ರಾತ್ರಿ ಊಟಕ್ಕೆ ಮೊದಲು ಸಿದ್ದಿಗಳ ಧಮಾಲ್ ಕುಣಿತ ಇಡುತ್ತಾರೆ. ಗರಿ ಕಟ್ಟಿ, ಮುಖಕ್ಕೆ ಬಣ್ಣ ಬಳಿದು, ಹಲ್ಲಿನಲ್ಲಿ ತೆಂಗಿನಕಾಯಿ ಒಡೆಯುವುದು. ಮಕ್ಕಳು ನೋಡಬೇಕೆಂದರು. ನನಗೆ ಮನಸ್ಸಾಗಲಿಲ್ಲ. ಧಮಾಲ್ ಅವರ ಪೀರರ ಮುಂದೆ ಭಕ್ತಿಯಿಂದ ಕುಣಿಯುವಂಥದ್ದು. ಜಾಂಬೂರಿನಲ್ಲಿ ನಗಾರ್ಚಿ ಪೀರರ ದರ್ಗಾ ಇದೆ. ಹೊಟ್ಟೆಪಾಡಿಗೆ ಕುಣಿಯುವವರನ್ನು ನಾನು ದೂರುವುದಿಲ್ಲ. ಗರಿ ಕಟ್ಟಿಸುವವರ ಬಗ್ಗೆ ನನ್ನ ತಕರಾರು. ಆ ಹುಡುಗನೇ "ಸಂಜೆ ನಮ್ಮ ಮನೆಗೆ ಚಹಾಕ್ಕೆ ಬನ್ನಿ, ದಾದಿ ಇದ್ದಾರೆ" ಎಂದ. ಹೋದೆವು.

ಜಾಂಬೂರಿನ ಆ ದಾದಿ ಅತ್ತೆಯದೇ ವಯಸ್ಸಿನವರು. ನಮ್ಮನ್ನು ನಡುಮನೆಯಲ್ಲಿ ಮಂಚದ ಮೇಲೆ ಕೂರಿಸಿದರು. ಚಹಾ ಬಂತು, ರಕಾಬಿಯಲ್ಲಿ. ಅತ್ತೆ ಹೊರಗೆ ಎಲ್ಲೂ ಚಹಾ ಮುಟ್ಟುವವರಲ್ಲ. ಯಲ್ಲಾಪುರದ ಅವರ ಮನೆಯಲ್ಲಿ ತೋಟದ ಕೆಲಸಕ್ಕೆ ಬರುತ್ತಿದ್ದ ಸಿದ್ದಿಗಳಿಗೆ ಚಹಾ ಕೊಡುತ್ತಿದ್ದುದು ಕೆಳಗಿನ ಜಗಲಿಯಲ್ಲಿ, ಬೇರೆ ಲೋಟದಲ್ಲಿ. ಮದುವೆಯಾಗಿ ಹೋದ ಹೊಸತರಲ್ಲಿ ನಾನೇ ಕಂಡಿದ್ದೇನೆ. ಅತ್ತೆ ರಕಾಬಿಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೂರ್ತಿ ಕುಡಿದರು. ಮಗನಿಗೆ "ಗಾಡಿಯಿಂದ ನನ್ನ ಕೌದಿ ತೆಗೆದುಕೊಂಡು ಬಾ" ಎಂದರು.

ಆ ಕೌದಿ ಅವರ ತೋಟಕ್ಕೆ ಬರುತ್ತಿದ್ದ ಸಿದ್ದಿ ಹೆಂಗಸು ಹೊಲಿದದ್ದು, ಅತ್ತೆಯ ಹಳೆಯ ಸೀರೆಗಳಿಂದಲೇ. ಸಿದ್ದಿ ಕೌದಿಯ ಮೂಲೆಗಳಿಗೆ ಬಟ್ಟೆಯನ್ನು ಪದರ ಪದರ ಮಡಿಸಿ ಪುಟ್ಟ ಹೂವಿನ ಹಾಗೆ ಹೊಲಿದಿರುತ್ತಾರೆ. ಅದು ಬೀಳದೆ ಕೌದಿ ಮುಗಿದಂತಲ್ಲ. ದಾದಿ ಕೌದಿಯನ್ನು ಮಂಚದ ಮೇಲೆ ಹರಡಿ, ತಿರುಗಿಸಿ ಹಿಂಬದಿಯ ಹೊಲಿಗೆ ನೋಡಿದರು. ನಾವೆಲ್ಲ ಮಾಡುವುದೂ ಅದನ್ನೇ ಅಲ್ಲವೇ? ಮೂಲೆಯ ಹೂವನ್ನು ಬೆರಳಿನಿಂದ ಒತ್ತಿ "ಆ ಕೋಣೆ ಬನಾವ್ಯೂ?" ಎಂದರು. ಯಾರು ಮಾಡಿದ್ದು ಇದನ್ನು? ತಾವು ಹೊಲಿಯುವ ಗೋದಡಿಗೆ ಈ ಹೂವು ಹಾಕುವುದಿಲ್ಲವಂತೆ.

ನಾನು ನಡುವೆ ಕೂತು ಗುಜರಾತಿಯಿಂದ ಕನ್ನಡಕ್ಕೆ, ಕನ್ನಡದಿಂದ ಗುಜರಾತಿಗೆ ಮಾಡಿದೆ. ಕರ್ನಾಟಕದ ಕಾಡಿನಲ್ಲೂ ತಮ್ಮವರಿದ್ದಾರೆಂದು ದಾದಿಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ತೋರಿಸಿದೆ: ನಮ್ಮ ಉತ್ತರ ಕನ್ನಡದ ಶಾಂತಾರಾಮ ಸಿದ್ದಿ, 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣವಾದವರು. ದಾದಿ ಬಿಡುತ್ತಾರಾ? "ನಮ್ಮಲ್ಲೂ ಇದ್ದಾರೆ" ಎಂದು ಹೀರಾಬಾಯಿ ಲೋಬಿಯವರ ಹೆಸರು ಹೇಳಿದರು. ಜಾಂಬೂರಿನವರೇ. ಚಿಕ್ಕವಳಿದ್ದಾಗಲೇ ತಂದೆತಾಯಿ ಕಳೆದುಕೊಂಡು ಅಜ್ಜಿಯ ಕೈಯಲ್ಲಿ ಬೆಳೆದು, ರೇಡಿಯೋ ಕೇಳಿ ಯೋಜನೆಗಳನ್ನು ತಿಳಿದು, ಸಿದ್ದಿ ಹೆಂಗಸರ ಉಳಿತಾಯ ಗುಂಪು ಕಟ್ಟಿ, ಸಾವಯವ ಗೊಬ್ಬರ ಮಾಡಿ ಮಾರಿಸಿದ ಹೆಣ್ಣುಮಗಳು. 2023ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಪ್ರಧಾನಿಯ ಮುಂದೆ ನಿಂತು ಮಾತಾಡಿದ ಅವರ ವಿಡಿಯೋ ನಮ್ಮ ಗುಂಪಿನಲ್ಲೂ ಓಡಾಡಿತ್ತು. ನಾವು ಒಂದು ಹೂವಿನ ಚಿಹ್ನೆ ಒತ್ತಿ ಮುಂದೆ ಹೋಗಿದ್ದೆವು, ಅಷ್ಟೇ.

ಹೊರಡುವಾಗ ಅತ್ತೆ ಕೌದಿಯನ್ನು ಅಲ್ಲೇ ಬಿಡಲು ಹೋದರು. ದಾದಿ ಒಪ್ಪಲಿಲ್ಲ. ಮೈಗೆ ಹೊಂದಿಕೊಂಡದ್ದನ್ನು ಕೊಡಬಾರದು, ಬೇಕಿದ್ದರೆ ಹೊಸದು ಹೊಲಿಸಿ ಕೊಡಿ ಎಂದು ನಕ್ಕರು. ಅವರು ತಮಾಷೆಗೆ ಹೇಳಿದ್ದು. ಅತ್ತೆ ತಮಾಷೆಯೆಂದು ತಿಳಿಯಲಿಲ್ಲ. ಸಚಿನ್‌ಗೆ ಬಂದ ವಾರವೇ ಯಲ್ಲಾಪುರಕ್ಕೆ ಫೋನು. ಹೊಲಿದಾಕೆ ಈಗಿಲ್ಲ, ಮಗಳು ಹೊಲಿಯುತ್ತಾಳಂತೆ. ನನ್ನ ಆರು ಸೂರತ್ ಸೀರೆಗಳು ಕೊರಿಯರ್‌ನಲ್ಲಿ ಹೋದವು. ಎರಡು ನಾನು ಇನ್ನೂ ಉಡುತ್ತಿದ್ದಂಥವು, ಕೇಳಿದ್ದರೆ ಕೊಡುತ್ತಿರಲಿಲ್ಲ. ಹಣ ಎಷ್ಟು ಎಂದು ಮಗಳು ಹೇಳಿದ್ದಕ್ಕೆ ಅತ್ತೆ ಚೌಕಾಶಿ ಮಾಡಲಿಲ್ಲ; ತರಕಾರಿಯವನನ್ನು ಬಿಡದವರು.

ಕೌದಿ ದೀಪಾವಳಿಗೆ ಬಂತು. ಮೂಲೆಗಳಲ್ಲಿ ಹೂವು, ಒಂದು ಅಂಚಿಗೆ ನಮ್ಮ ಮಿಲ್ಲಿನ ಪ್ರಿಂಟು. ಈ ಬೇಸಿಗೆಯಲ್ಲಿ ಅತ್ತೆಗೆ ಮೊಣಕಾಲಿನ ಆಪರೇಷನ್ ಆದ್ದರಿಂದ ಹೋಗಲಾಗಲಿಲ್ಲ. ಕೊರಿಯರ್ ಮಾಡೋಣ ಎಂದರೆ ಕೇಳುತ್ತಿಲ್ಲ, ತಾನೇ ಒಯ್ದು ಕೊಡಬೇಕಂತೆ. ಅಕ್ಟೋಬರ್ 16ಕ್ಕೆ ಗಿರ್ ತೆರೆಯುತ್ತದೆ. ಅದೇ ವಾರಕ್ಕೆ ಅದೇ ಗಾಡಿ ಹೇಳಿಟ್ಟಿದ್ದೇವೆ. ಬಾಡಿಗೆಯ ಲೆಕ್ಕ, ಪರ್ಮಿಟ್ ತೆಗೆಯುವ ಕ್ರಮ ಬೇಕಾದವರು ಊಟದ ಹೊತ್ತಿಗೆ ನನ್ನ ಬಳಿ ಬನ್ನಿ, ಬರೆದುಕೊಂಡು ಬಂದಿದ್ದೇನೆ. ಕೌದಿಯನ್ನೂ ತಂದಿದ್ದೇನೆ, ಆ ಮೇಜಿನ ಮೇಲಿದೆ. ತಿರುಗಿಸಿ ಹಿಂಬದಿಯ ಹೊಲಿಗೆ ನೋಡಿ.